ಸ್ವಾಹಿಲಿ ಗಾದೆಗಳು: ‘ಅಸಿಯೆ’ ಬಿಡಿಸಿಕೊಂಡರೆ ಅರ್ಧ ದಾರಿ ಸವೆದಂತೆ

ಪೂರ್ವ ಆಫ್ರಿಕಾದ ಭಾಷೆಯಾದ ಸ್ವಾಹಿಲಿಯಲ್ಲಿ ಗಾದೆಗೆ ಮೆಥಾಲಿ ಅಂತಾರೆ. ಎಷ್ಟೋ ಗಾದೆಗಳು ಎರಡು ತುಂಡು. ಒಬ್ಬರು ಮೊದಲರ್ಧ ಹೇಳಿದರೆ ಸಾಕು, ಉಳಿದದ್ದನ್ನು ಕೇಳುವವರೇ ಮುಗಿಸುತ್ತಾರೆ. ಕಲಿಯುವಾಗಲೂ ಹಾಗೇ ಮುರಿದು ಕಲಿಯಿರಿ.

ಸುಲಭದವು

ಹರಾಕಾ ಹರಾಕಾ / ಹೈನಾ ಬರಾಕಾ. ಅವಸರಕ್ಕೆ ಬರಕತ್ತಿಲ್ಲ. ಬರಾಕಾ, ಬರಕತ್ತು ಎರಡಕ್ಕೂ ಅರಬ್ಬಿಯೇ ಮೂಲ.

ಹಬಾ ನ ಹಬಾ / ಹುಜಾಝಾ ಕಿಬಾಬಾ. ಚೂರು ಚೂರೇ ಸೇರಿ ಕಿಬಾಬಾ ತುಂಬುತ್ತದೆ. ಕಿಬಾಬಾ ಅಂದರೆ ಕಾಳು ಅಳೆಯುವ ಸಣ್ಣ ಮಾನ. ನಮ್ಮ ‘ತೆನೆ ತೆನೆ ಕೂಡಿದರೆ ಬಳ್ಳ’ ಇದೇ ಅಲ್ವಾ? ಬಳ್ಳವೂ ಅಳತೆಯೇ.

ಇಲ್ಲಿನ ‘ಹು’ ಗಮನಿಸಿ. ‘ಯಾವಾಗಲೂ ಹೀಗೇ ಆಗುತ್ತದೆ’ ಅನ್ನೋದನ್ನು ಅದು ಹೇಳುತ್ತದೆ. ಉದ್ದನೆಯ ಗಾದೆ ಸಿಕ್ಕಾಗ ಮೊದಲು ಹು ಎಲ್ಲಿದೆ ಅಂತ ಹುಡುಕಿ, ಕ್ರಿಯಾಪದ ಅಲ್ಲೇ ಇರುತ್ತದೆ.

ಅಸಿಯೆ

ಅಸಿಯೆಫುನ್ಝ್ವಾ ನ ಮಾಮಾಯೆ / ಹುಫುನ್ಝ್ವಾ ನ ಉಲಿಮ್ವೆಂಗು.

ಮೊದಲ ಪದವೇ ಗಂಟು. ನಿಧಾನವಾಗಿ ಬಿಡಿಸೋಣ. ಅ: ಅವನು ಅಥವಾ ಅವಳು. ಸಿ: ಅಲ್ಲ. ಯೆ: ಯಾರೋ ಅವರು. ಫುನ್ಝಾ ಅಂದರೆ ಕಲಿಸು. ನಡುವೆ ‘ವ’ ಸೇರಿ ಫುನ್ಝ್ವಾ ಆದರೆ ಕಲಿಸಿಕೊಳ್ಳು.

ಇದಕ್ಕೆ ‘ಯಾರು ಕಲಿಯುವುದಿಲ್ಲವೋ ಅವರು’ ಅಂತ ಸುತ್ತಿ ಬಳಸಿ ಹೇಳಬೇಕಿಲ್ಲ. ಕನ್ನಡದಲ್ಲಿ ಸಿದ್ಧವಾಗಿಯೇ ಇದೆ: ಕಲಿಯದವನು. ಕಲಿ, ಯದ, ಅವನು. ನಾವು ‘ಅವನು’ ಅನ್ನೋದನ್ನು ಕೊನೆಗೆ ಇಡುತ್ತೇವೆ, ಅವರು ಮೊದಲೇ ಇಡುತ್ತಾರೆ, ಅಷ್ಟೇ. ಅಸಿಯೆ ಕಂಡ ಕೂಡಲೇ ‘-ದವನು’ ಅಂತ ಓದಿ. ಗಾದೆ ತಾನಾಗಿ ಬರುತ್ತದೆ: ತಾಯಿಯ ಹತ್ರ ಕಲಿಯದವನಿಗೆ ಲೋಕ ಕಲಿಸುತ್ತದೆ.

ಎರಡು ಎಚ್ಚರ. ಮಾಮಾಯೆ ಕೊನೆಯ ಯೆ ಬೇರೆ, ಅದು ‘ಅವನ ತಾಯಿ’ಯ ‘ಅವನ’. ಹಾಗೇ ಹಬಾ ನ ಹಬಾದ ನ ‘ಮತ್ತು’, ಇಲ್ಲಿಯದು ‘ಇಂದ’.

ಈಗ ಇದನ್ನು ನೋಡಿ: ಅಸಿಯೆಸಿಕಿಯಾ ಲಾ ಮ್ಕೂ / ಹುವುಂಜಿಕಾ ಗೂ. ಸಿಕಿಯಾ ಕೇಳು, ಮ್ಕೂ ಹಿರಿಯ, ವುಂಜಿಕಾ ಮುರಿ, ಗೂ ಕಾಲು. ಹಿರಿಯರ ಮಾತು ಕೇಳದವನ ಕಾಲು ಮುರಿಯುತ್ತದೆ.

ಒಂದಕ್ಕೊಂದು ಎದುರಾದರೆ?

ಚೆಲೆವಾ ಚೆಲೆವಾ / ಉತಾಕುತಾ ಮ್ವಾನಾ ಸಿ ವಾಕೊ. ತಡ ಮಾಡ್ತಾ ಕೂತರೆ ಮಗು ನಿನ್ನದಲ್ಲ ಅಂತ ತಿಳಿಯುತ್ತದೆ. ಹರಾಕಾ ಹರಾಕಾಗೆ ಇದು ನೇರ ಉಲ್ಟಾ. ಅದು ಆತುರಗಾರನಿಗೆ, ಇದು ಮುಂದೂಡುವವನಿಗೆ. ಅದಕ್ಕೇ ಅರ್ಥದ ಪಕ್ಕದಲ್ಲಿ ‘ಯಾರಿಗೆ ಹೇಳುವುದು’ ಅಂತಲೂ ಬರೆದುಕೊಳ್ಳಿ. ‘ಅತಿಥಿಗೆ ಎರಡು ದಿನ, ಮೂರನೇ ದಿನ ಗುದ್ದಲಿ ಕೊಡು’ ಅನ್ನುವ ಗಾದೆ ಮನೆಯವರ ಬಾಯಲ್ಲಿ ಬೇರೆ, ತಾನೇ ಎದ್ದು ಕೆಲಸಕ್ಕೆ ಹೊರಡುವ ಅತಿಥಿಯ ಬಾಯಲ್ಲಿ ಬೇರೆ.

ಇದಕ್ಕೆ ಒಳ್ಳೆ ಅಭ್ಯಾಸ ಕಾಂಗಾ. ಪೂರ್ವ ಆಫ್ರಿಕಾದ ಹೆಂಗಸರು ಉಡುವ, ಹೊದೆಯುವ ಈ ಹತ್ತಿಬಟ್ಟೆಯ ಮೇಲೆ ಒಂದು ಸಾಲು ಅಚ್ಚಾಗಿರುತ್ತದೆ, ಎಷ್ಟೋ ಸಲ ಗಾದೆಯೇ. ಬಾಯಿಬಿಟ್ಟು ಹೇಳಲಾಗದ್ದನ್ನು ಆ ಸಾಲಿನ ಬಟ್ಟೆ ಉಟ್ಟೋ, ಉಡುಗೊರೆ ಕೊಟ್ಟೋ ಮುಟ್ಟಿಸುತ್ತಾರೆ. ಕಾಂಗಾದ ಚಿತ್ರ ಸಿಕ್ಕರೆ ಸಾಲು ಓದಿ, ಹು, ಅಸಿಯೆ ಹುಡುಕಿ, ಆಮೇಲೆ ಅದನ್ನು ಯಾರು ಯಾರಿಗೆ ಕೊಟ್ಟಿರಬಹುದು ಅಂತ ಯೋಚಿಸಿ.