‘ವಸಿ ಡಲ್ ಆಯ್ತಲ್ಲ ಸಾರ್?’

ಮಂಡ್ಯ ಕಡೆಯಿಂದ ಬಂದಿದ್ದ ದಂಪತಿ ಮಗಳ ಚಿತ್ರದ ಮುಂದೆ ಸುಮಾರು ಹೊತ್ತು ನಿಂತರು. ಹೋಲಿಕೆಯ ಬಗ್ಗೆ ತಕರಾರಿಲ್ಲ. ಕೊನೆಗೆ ತಾಯಿ, ‘ಚೆನ್ನಾಗೈತೆ, ಆದ್ರೆ ವಸಿ ಡಲ್ ಆಯ್ತಲ್ಲ ಸಾರ್?’ ಎಂದರು. ಮೈಸೂರಿನಲ್ಲಿ ಮಕ್ಕಳ ಭಾವಚಿತ್ರ ಬರೆಯುವ ನನಗೆ ಇದು ಹೊಸ ಮಾತಲ್ಲ.

ದೊಡ್ಡವರ ಮುಖದಲ್ಲಿ ಹಿಡಿಯಲು ಗುರುತುಗಳಿರುತ್ತವೆ: ಕೆನ್ನೆಯ ಮೂಳೆ, ಹಣೆಯ ಗೆರೆ, ಕಣ್ಣಡಿಯ ಕಪ್ಪು. ಐದು ವರ್ಷದ ಮಗುವಿನಲ್ಲಿ ಅವು ಯಾವುವೂ ಇಲ್ಲ. ಕೆನ್ನೆ ದವಡೆಗೆ ತಿರುಗುವ ಕಡೆ ನೆರಳು ಇದ್ದೂ ಇಲ್ಲದ ಹಾಗೆ. ಹೋಲಿಕೆ ಕೂತಿರುವುದೇ ಅಲ್ಲಿ. ಪಕ್ಕದಲ್ಲಿ ರಾಣಿ ಪಿಂಕ್ ಲಂಗ ಬಂದರೆ ಕಣ್ಣು ಅತ್ತಲೇ ಓಡಿ, ಕೆನ್ನೆ ಚಪ್ಪಟೆಯಾಗುತ್ತದೆ. ಸರಿಪಡಿಸಲು ನೆರಳನ್ನು ಗಾಢ ಮಾಡಿದಿರೋ, ಮಗುವಿಗೆ ಹತ್ತು ವರ್ಷ ಹೆಚ್ಚಾಯಿತು.

ನನ್ನ ಪ್ಯಾಲೆಟ್‌ನಲ್ಲಿ (ಬಣ್ಣ ಬೆರೆಸುವ ಹಲಗೆ) ನಾಲ್ಕೇ ಬಣ್ಣ: ಯೆಲ್ಲೋ ಓಕರ್ ಎಂಬ ಮಣ್ಣಿನ ಹಳದಿ, ವರ್ಮಿಲಿಯನ್ ಎಂಬ ಉಜ್ವಲ ಕೆಂಪು, ಐವರಿ ಬ್ಲ್ಯಾಕ್ ಎಂಬ ಕಪ್ಪು, ಬಿಳಿ. ಸ್ವೀಡನ್ನಿನ ಕಲಾವಿದ ಆಂಡರ್ಸ್ ಜೋರ್ನ್ (1860–1920) ಹೆಸರಿನಲ್ಲಿ ಪ್ರಸಿದ್ಧವಾದ ಕೂಟ ಇದು. ನೀಲಿಯೂ ಇಲ್ಲ, ಹಸಿರೂ ಇಲ್ಲ. ಆದರೆ ಕಪ್ಪಿಗೆ ಓಕರ್ ಬೆರೆಸಿ ನೋಡಿ, ಪಾಚಿ ಹಸಿರು ಸಿಗುತ್ತದೆ. ಅದೇ ಕಪ್ಪಿಗೆ ಬಿಳಿ ಬೆರೆಸಿದ ಬೂದು, ಬೆಚ್ಚನೆಯ ಕೆನ್ನೆಯ ಪಕ್ಕದಲ್ಲಿ ನೀಲಿಯಂತೆಯೇ ಕಾಣುತ್ತದೆ. ನಮ್ಮ ಮಕ್ಕಳ ಮೈಬಣ್ಣಕ್ಕೆ ಆ ಪಾಚಿ ಹಸಿರು ಬೇಕೇ ಬೇಕು. ಬಾಯಿಯ ಸುತ್ತ, ಕಿವಿಯ ಕೆಳಗೆ, ಒಂದೊಂದೇ ಎಳೆ. ಅಂಗಡಿಯ ‘ಫ್ಲೆಶ್ ಟಿಂಟ್’ ಎಂಬ ಸಿದ್ಧ ಮೈಬಣ್ಣದ ಟ್ಯೂಬ್ ಹಿಂಡಿ ಬಳಿದರೆ ಮಗು ಪ್ಲಾಸ್ಟಿಕ್ ಗೊಂಬೆ. (‘ಸ್ವಲ್ಪ ಬೆಳ್ಳಗೆ ಮಾಡ್ಕೊಡಿ’ ಎಂದವರಿಗೆ ಮುಂಗಡ ವಾಪಸ್ ಕೊಟ್ಟದ್ದೂ ಉಂಟು.)

ಫೋಟೊ ಕಳಿಸುವವರು ಫ್ಲ್ಯಾಶ್ ಹಾಕಬೇಡಿ, ಇರುವ ಅಷ್ಟಿಷ್ಟು ನೆರಳನ್ನೂ ಅದು ತೊಳೆದುಬಿಡುತ್ತದೆ.

ಸುತ್ತ ಡಲ್ ಇದ್ದರೇ ಮುಖ ಬೆಳಗುವುದು. ಸಂದೇಹವಿದ್ದರೆ ಇಲ್ಲಿನ ಜಗನ್ಮೋಹನ ಅರಮನೆಯಲ್ಲಿರುವ, ಕಲಾವಿದ ಎಸ್.ಎಲ್. ಹಲ್ದಂಕರರು ಬರೆದ ದೀಪ ಹಿಡಿದ ಹೆಣ್ಣಿನ ಚಿತ್ರವನ್ನು ನೋಡಿ. ರವಿವರ್ಮನದೆಂದು ವಾದಿಸುವವರು ಇಂದಿಗೂ ಸಿಗುತ್ತಾರೆ. ಎಲ್ಲರ ಕಣ್ಣೂ ದೀಪದ ಮೇಲೆ. ನಿಮ್ಮ ಅಂಗೈ ಅಡ್ಡ ಹಿಡಿದು ಆ ಬೆಳಕನ್ನು ಮರೆಮಾಡಿ ನೋಡಿ: ಹಿನ್ನೆಲೆಯೆಲ್ಲ ಮಬ್ಬು. ಆ ಹೆಣ್ಣಿನ ಬೆರಳ ಸಂದಿಯ ಕೆಂಪು ಉರಿಯುತ್ತಿರುವುದು ಆ ಮಬ್ಬಿನಿಂದಲೇ, ಅದೂ ಜಲವರ್ಣದಲ್ಲಿ!

ಆ ತಾಯಿಗೆ ಇಷ್ಟೆಲ್ಲ ಹೇಳಲಿಲ್ಲ. ಟ್ಯೂಬ್‌ಲೈಟ್ ಆರಿಸಿ ಚಿತ್ರವನ್ನು ಕಿಟಕಿಯ ಬಳಿ ಇಟ್ಟೆ. ರಿಬ್ಬನ್ನಿನ ತುದಿಯಲ್ಲಿ ಮಾತ್ರ ಒಂದು ಚೂರು ವರ್ಮಿಲಿಯನ್ ಹಾಗೇ ಬಿಟ್ಟಿದ್ದೆ. ‘ನಗು ಬರೋ ಮುಂಚೆ ಹಿಂಗೇ ಮಾಡ್ತಾಳೆ ಕಣ್ರೀ’ ಎಂದು ತಾಯಿ ಮಗಳ ಮುಖವನ್ನು ಗಂಡನಿಗೆ ತೋರಿಸಿದರು. ಆಮೇಲೆ ನನ್ನ ಕಡೆ ತಿರುಗಿ, ‘ಫ್ರೇಮ್ ಮಾತ್ರ ಗೋಲ್ಡೇ ಇರ್ಲಿ ಸಾರ್’ ಎಂದರು. ಒಪ್ಪಿದೆ.