ಹೊಸ ಫೀಚರ್ ಬಂತು, ಪ್ರೊಡಕ್ಷನ್‌ಗೆ ಹಾಕಬಹುದಾ?

ಕೋಡ್ ರಿವ್ಯೂಗಳಲ್ಲಿ ನನಗೆ ಜಾಸ್ತಿ ಎದುರಾಗುವ ಪ್ರಶ್ನೆ ಇದು, ಅಂದರೆ ಜನ ಬಳಸುವ ಸೈಟ್‌ಗೇ ಹಾಕಬಹುದಾ ಅಂತ. ಒಬ್ಬರು ಪೇಜ್‌ನ ಅಂದ ನಿರ್ಧರಿಸುವ ಸಿಎಸ್‌ಎಸ್‌ನ ಹೊಸ ಫೀಚರ್ ಬಳಸಿರುತ್ತಾರೆ, ಅವರ ಕ್ರೋಮ್‌ನಲ್ಲಿ ಚೆನ್ನಾಗಿ ಓಡುತ್ತಿರುತ್ತದೆ, ಅಷ್ಟಕ್ಕೇ ಮರ್ಜ್ ಮಾಡಿ ಅಂತ ಕೇಳುತ್ತಾರೆ. ಇನ್ನೊಬ್ಬರು ಒಂದು ಸಣ್ಣ ಡಯಲಾಗ್ ಬಾಕ್ಸ್‌ಗೆ ದೊಡ್ಡ ಲೈಬ್ರರಿಯನ್ನೇ ತಂದಿರುತ್ತಾರೆ, ಆ ಕೆಲಸವನ್ನು ಬ್ರೌಸರ್ ತಾನೇ ಮಾಡಲು ಕಲಿತು ವರ್ಷಗಳೇ ಆಗಿದ್ದರೂ. ಒಬ್ಬರದು ಅವಸರ, ಇನ್ನೊಬ್ಬರದು ಹಳೇ ರೂಢಿ. ಆದರೆ ಇಬ್ಬರೂ ಕೇಳದೆ ಬಿಟ್ಟ ಪ್ರಶ್ನೆ ಒಂದೇ: ಈ ಫೀಚರ್ ಇಲ್ಲದ ಬ್ರೌಸರ್‌ನಲ್ಲಿ ನಮ್ಮ ಪೇಜ್ ಏನಾಗುತ್ತದೆ?

ಅದಕ್ಕೆ ಉತ್ತರ ಹುಡುಕುವ ಮೊದಲು ಫೀಚರ್ ಯಾವ ಹಂತದಲ್ಲಿದೆ ಅಂತ ತಿಳಿದಿರಬೇಕು. ವೆಬ್ ಸ್ಟ್ಯಾಂಡರ್ಡ್‌ಗಳೆಲ್ಲ ಒಂದೇ ಕಡೆ ತಯಾರಾಗುವುದಿಲ್ಲ. ಎಚ್‌ಟಿಎಂಎಲ್ ಇರುವುದು ಬ್ರೌಸರ್ ಕಂಪನಿಗಳ ಗುಂಪಾದ ವಾಟ್‌ಡಬ್ಲ್ಯೂಜಿ ಬಳಿ. 2019ರ ಒಪ್ಪಂದದ ನಂತರ ಇನ್ನೊಂದು ಸ್ಟ್ಯಾಂಡರ್ಡ್ ಸಂಸ್ಥೆ ಡಬ್ಲ್ಯೂ3ಸಿ ತನ್ನದೇ ಬೇರೆ ಎಚ್‌ಟಿಎಂಎಲ್ ಬರೆಯುವುದನ್ನು ಬಿಟ್ಟಿತು. ಸಿಎಸ್‌ಎಸ್ ಇನ್ನೂ ಡಬ್ಲ್ಯೂ3ಸಿಯಲ್ಲೇ ಇದೆ. ಜಾವಾಸ್ಕ್ರಿಪ್ಟ್ ಭಾಷೆಯನ್ನು ಟಿಸಿ39 ಅನ್ನುವ ಸಮಿತಿ ನೋಡಿಕೊಳ್ಳುತ್ತದೆ. ಅಲ್ಲಿ ಒಂದು ಪ್ರಸ್ತಾಪ 4ನೇ ಹಂತ ಮುಟ್ಟಿದರೆ ಭಾಷೆಗೆ ಸೇರಿತು ಅಂತ ಅರ್ಥ. 1 ಅಥವಾ 2ನೇ ಹಂತದಲ್ಲಿದ್ದರೆ ಕುತೂಹಲಕ್ಕೆ ಓದಿ, ಕೋಡ್‌ನಲ್ಲಿ ಹಾಕಬೇಡಿ. ಹೊಸ ಫೀಚರನ್ನು ಕೆಲವು ಸೈಟ್‌ಗಳಿಗೆ ಸೀಮಿತ ಕಾಲ ತೆರೆದುಕೊಡುವ ಕ್ರೋಮ್‌ನ ಒರಿಜಿನ್ ಟ್ರಯಲ್ ಕೂಡ ಪ್ರಯೋಗವೇ, ಮುಗಿದ ಮೇಲೆ ಆ ಫೀಚರ್ ಉಳಿಯುತ್ತದೆ ಅಂತ ಯಾರೂ ಮಾತು ಕೊಟ್ಟಿರುವುದಿಲ್ಲ.

ಒಂದು ಬ್ರೌಸರ್‌ನಲ್ಲಿ ಬಂದಿದೆ ಅನ್ನುವುದಕ್ಕೂ ಸ್ಟ್ಯಾಂಡರ್ಡ್ ಆಗಿದೆ ಅನ್ನುವುದಕ್ಕೂ ಎಷ್ಟು ವ್ಯತ್ಯಾಸ ಇದೆ ಅಂತ ನೋಡಬೇಕಾದರೆ ಬ್ರೌಸರ್ ಒಳಗೇ ಡೇಟಾಬೇಸ್ ಕೊಡುತ್ತಿದ್ದ ವೆಬ್ ಎಸ್‌ಕ್ಯೂಎಲ್ ಕಥೆ ಸಾಕು. ಕ್ರೋಮ್ ಮತ್ತು ಸಫಾರಿಯಲ್ಲಿ ಅದು ಬಂತು, ಫೈರ್‌ಫಾಕ್ಸ್ ಒಪ್ಪಲಿಲ್ಲ. ಅದನ್ನು ತಂದ ಬ್ರೌಸರ್‌ಗಳೆಲ್ಲ ಒಳಗೆ ಎಸ್‌ಕ್ಯೂಲೈಟ್ ಅನ್ನುವ ಒಂದೇ ಡೇಟಾಬೇಸ್ ಸಾಫ್ಟ್‌ವೇರನ್ನು ಇಟ್ಟಿದ್ದವು. ಒಂದೇ ಸಾಫ್ಟ್‌ವೇರ್‌ನ ನಡವಳಿಕೆಯನ್ನೇ ಸ್ಟ್ಯಾಂಡರ್ಡ್ ಅಂತ ಕರೆಯಲು ಆಗಲ್ಲ ಅಂತ 2010ರಲ್ಲಿ ಡಬ್ಲ್ಯೂ3ಸಿ ಕೆಲಸ ನಿಲ್ಲಿಸಿತು. ಕೊನೆಗೆ ಕ್ರೋಮ್ ಕೂಡ ಅದನ್ನು ತೆಗೆದುಹಾಕಿತು. ಅದರ ಮೇಲೆ ಆಪ್ ಕಟ್ಟಿದ್ದವರು ಡೇಟಾ ಹೊತ್ತುಕೊಂಡು ಬ್ರೌಸರ್‌ನ ಇನ್ನೊಂದು ಡೇಟಾಬೇಸ್ ಆದ ಇಂಡೆಕ್ಸ್ಡ್‌ಡಿಬಿ ಕಡೆಗೋ ಇನ್ನೆಲ್ಲಿಗೋ ಹೋಗಬೇಕಾಯಿತು.

ಈಗ ಹಂತ ತಿಳಿಯುವುದು ಮೊದಲಿಗಿಂತ ಸುಲಭ. 2023ರಲ್ಲಿ ಬೇಸ್‌ಲೈನ್ ಅನ್ನುವ ಗುರುತು ಬಂತು. ಕ್ರೋಮ್, ಎಡ್ಜ್, ಫೈರ್‌ಫಾಕ್ಸ್, ಸಫಾರಿ ಎಲ್ಲದರಲ್ಲೂ, ಫೋನ್ ಆವೃತ್ತಿಗಳೂ ಸೇರಿದಂತೆ, ಒಂದು ಫೀಚರ್ ಬಂದ ದಿನ ಅದು ‘ಹೊಸದಾಗಿ ಲಭ್ಯ’. ಅಲ್ಲಿಂದ 30 ತಿಂಗಳು ಕಳೆದರೆ ‘ವ್ಯಾಪಕವಾಗಿ ಲಭ್ಯ’. ವೆಬ್ ಫೀಚರ್‌ಗಳ ವಿವರ ಕೊಡುವ ಎಂಡಿಎನ್ ಸೈಟ್‌ನ ಪುಟಗಳ ಮೇಲ್ಭಾಗದಲ್ಲೇ ಈ ಗುರುತು ಕಾಣುತ್ತದೆ. ಎರಡನೆಯದು ಸಿಕ್ಕಿದ್ದರೆ ನಾನು ಸಾಮಾನ್ಯವಾಗಿ ಚರ್ಚೆಗೇ ಹೋಗುವುದಿಲ್ಲ, ಬಳಸಿ ಅನ್ನುತ್ತೇನೆ. ಗೊಂದಲ ಇರುವುದು ಮೊದಲನೆಯದರಲ್ಲಿ. ಅದನ್ನು, ಪೇಜ್ ಮೇಲೆ ತೆರೆದುಕೊಳ್ಳುವ ಮೆನುವಿನಂಥವನ್ನು ತೋರಿಸುವ ಪಾಪೋವರ್ ಉದಾಹರಣೆಯಲ್ಲೇ ಹತ್ತಿರದಿಂದ ನೋಡೋಣ.

ಬಟನ್ ಒತ್ತಿದರೆ ತೆರೆಯುವ ಒಂದು ಮೆನು ಮಾಡಲು ಮೊದಲು ಏನೆಲ್ಲ ಬೇಕಿತ್ತು? ಬೇರೆಲ್ಲದರ ಮೇಲೆ ಕಾಣಲಿ ಅಂತ ಜೆಡ್-ಇಂಡೆಕ್ಸ್‌ಗೆ 9999 ಹಾಕುತ್ತಿದ್ದೆವು. ಇನ್ನೊಬ್ಬರು ಅದಕ್ಕಿಂತ ದೊಡ್ಡ ಸಂಖ್ಯೆ ಹಾಕುತ್ತಿದ್ದರು. ಹೊರಗಿನ ಎಲಿಮೆಂಟ್‌ನಲ್ಲಿ ಓವರ್‌ಫ್ಲೋ ಹಿಡನ್ ಇದ್ದರೆ ಮೆನು ಅರ್ಧಕ್ಕೇ ಕತ್ತರಿಸಿಹೋಗುತ್ತಿತ್ತು. ಹೊರಗೆ ಕ್ಲಿಕ್ ಮಾಡಿದರೆ ಮುಚ್ಚಬೇಕು, ಅದಕ್ಕೊಂದು ಲಿಸನರ್. ಎಸ್ಕೇಪ್ ಕೀಗೆ ಮತ್ತೊಂದು. ಈಗ ಮೆನುವಿಗೆ ಪಾಪೋವರ್ ಅನ್ನುವ ಆಟ್ರಿಬ್ಯೂಟ್, ಬಟನ್‌ನ ಪಾಪೋವರ್‌ಟಾರ್ಗೆಟ್‌ನಲ್ಲಿ ಆ ಮೆನುವಿನ ಐಡಿ, ಇಷ್ಟು ಬರೆದರೆ ಸಾಕು. ಬ್ರೌಸರ್ ಅದನ್ನು ‘ಟಾಪ್ ಲೇಯರ್’ ಅನ್ನುವ ಪ್ರತ್ಯೇಕ ಪದರದಲ್ಲಿ ತೋರಿಸುತ್ತದೆ. ಅಲ್ಲಿ ಜೆಡ್-ಇಂಡೆಕ್ಸ್ ಜಗಳವೂ ಇಲ್ಲ, ಕತ್ತರಿಸುವ ಓವರ್‌ಫ್ಲೋ ಕೂಡ ಇಲ್ಲ. ಜಾವಾಸ್ಕ್ರಿಪ್ಟ್ ಒಂದು ಸಾಲೂ ಬೇಡ.

ಪಾಪೋವರ್ ಬಂದದ್ದು ಹೀಗೆ: 2023ರ ಮೇನಲ್ಲಿ ಕ್ರೋಮ್ 114, ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಸಫಾರಿ 17, 2024ರ ಏಪ್ರಿಲ್‌ನಲ್ಲಿ ಫೈರ್‌ಫಾಕ್ಸ್ 125. ಎಲ್ಲ ಬ್ರೌಸರ್‌ಗಳಿಗೂ ಬಂತು, ಬೇಸ್‌ಲೈನ್ ಅಂತ ಘೋಷಣೆಯೂ ಆಯಿತು. ಆಮೇಲೆ ನೋಡಿದರೆ, ಐಫೋನ್ ಮತ್ತು ಐಪ್ಯಾಡ್‌ನಲ್ಲಿ ಹೊರಗೆ ಮುಟ್ಟಿದರೆ ಮೆನು ಮುಚ್ಚುತ್ತಲೇ ಇರಲಿಲ್ಲ! ಆ ಫೀಚರ್‌ನ ಅರ್ಧ ಉಪಯೋಗವೇ ಅದು, ಅಲ್ವಾ? 2025ರ ಜನವರಿಯಲ್ಲಿ ಐಒಎಸ್ 18.3ರೊಂದಿಗೆ ಅದು ಸರಿಹೋಯಿತು, ಬೇಸ್‌ಲೈನ್ ದಿನಾಂಕವನ್ನೂ ಅಲ್ಲಿಗೇ ಮುಂದೂಡಿದರು. ಯಾವ ಬ್ರೌಸರ್‌ನಲ್ಲಿ ಏನಿದೆ ಅಂತ ತೋರಿಸುವ ಟೇಬಲ್‌ನಲ್ಲಿ ಹಸಿರು ಬಣ್ಣ ಕಂಡರೂ ನಿಜವಾದ ಫೋನ್‌ನಲ್ಲಿ ಒಮ್ಮೆ ಒತ್ತಿ ನೋಡಿ ಅಂತ ನಾನು ಹಟ ಹಿಡಿಯುವುದು ಇದಕ್ಕೇ.

ಐಫೋನ್ ವಿಷಯದಲ್ಲಿ ಇನ್ನೂ ಒಂದು ಮಾತು. ಅಲ್ಲಿ ಕ್ರೋಮ್ ಹಾಕಿಕೊಂಡರೂ ಒಳಗೆ ಓಡುವುದು ಸಫಾರಿಯ ವೆಬ್‌ಕಿಟ್ ಇಂಜಿನ್ನೇ. ಆ ಇಂಜಿನ್ ಹೊಸದಾಗುವುದು ಐಒಎಸ್ ಅಪ್‌ಡೇಟ್ ಜೊತೆಗೆ. ಅಪ್‌ಡೇಟ್ ನಿಂತುಹೋದ ಹಳೇ ಫೋನ್ ಇಟ್ಟುಕೊಂಡವರಿಗೆ ‘ಬ್ರೌಸರ್ ಬದಲಾಯಿಸಿ’ ಅನ್ನುವ ಸಲಹೆಯಿಂದ ಏನೂ ಪ್ರಯೋಜನ ಇಲ್ಲ. ಅವರೂ ನಮ್ಮ ಬಳಕೆದಾರರೇ. ಫಾರ್ಮ್ ಸಬ್‌ಮಿಟ್ ಆಗದಿದ್ದರೆ ಅವರ ಕೆಲಸ ನಿಲ್ಲುತ್ತದೆ, ಕಾರಣ ಏನು ಅಂತ ಅವರಿಗೆ ತಿಳಿಯುವುದೂ ಇಲ್ಲ.

ಹಾಗಂತ ಎಲ್ಲದಕ್ಕೂ 30 ತಿಂಗಳು ಕಾಯಬೇಕಿಲ್ಲ. ಒಂದು ಪುಟದಿಂದ ಇನ್ನೊಂದಕ್ಕೆ ಹೋಗುವಾಗ ಮೆಲ್ಲಗೆ ಬದಲಾಗುವಂತೆ ಮಾಡುವ ವ್ಯೂ ಟ್ರಾನ್ಸಿಷನ್ ತೆಗೆದುಕೊಳ್ಳಿ. ಸಿಎಸ್‌ಎಸ್‌ನಲ್ಲಿ ಬರೆದರೆ, ಗೊತ್ತಿಲ್ಲದ ಬ್ರೌಸರ್ ಅದನ್ನು ಬಿಟ್ಟು ಸುಮ್ನೆ ಮುಂದಿನ ಪುಟಕ್ಕೆ ಹೋಗುತ್ತದೆ. ಯಾರಿಗೂ ನಷ್ಟವಿಲ್ಲ, ಇವತ್ತೇ ಹಾಕಿ. ಆದರೆ ಒಂದೇ ಪುಟದೊಳಗಿನ ಬದಲಾವಣೆಗೆ ಜಾವಾಸ್ಕ್ರಿಪ್ಟ್‌ನಿಂದ ಸ್ಟಾರ್ಟ್‌ವ್ಯೂಟ್ರಾನ್ಸಿಷನ್ ಕರೆದರೆ, ಆ ಫಂಕ್ಷನ್ ಇದೆಯಾ ಅಂತ ಮೊದಲು ಕೇಳಲೇಬೇಕು. ಇಲ್ಲದಿದ್ದರೆ ಎರರ್ ಬಂದು, ಅಂದಕ್ಕೆ ಅಂತ ತಂದ ಸಾಲೇ ಪೇಜನ್ನು ನಿಲ್ಲಿಸಿಬಿಡುತ್ತದೆ.

ಸಿಎಸ್‌ಎಸ್‌ನಲ್ಲೂ ಒಂದು ಗುಂಡಿ ಇದೆ, ಅನುಭವ ಇರುವವರೂ ಬೀಳುತ್ತಾರೆ. ಒಳಗೇನಿದೆ ಅಂತ ನೋಡಿ ಹೊರಗಿನ ಎಲಿಮೆಂಟನ್ನು ಆರಿಸುವ ‘ಹ್ಯಾಸ್’ ಸೆಲೆಕ್ಟರ್ 2023ರ ಡಿಸೆಂಬರ್‌ನಲ್ಲಿ ಫೈರ್‌ಫಾಕ್ಸ್ 121ರೊಂದಿಗೆ ಎಲ್ಲ ಕಡೆ ಬಂದಂತಾಯಿತು. ಅದನ್ನು ಹಳೇ ಸೆಲೆಕ್ಟರ್‌ಗಳ ಜೊತೆ ಕಾಮಾ ಹಾಕಿ ಒಂದೇ ರೂಲ್‌ನಲ್ಲಿ ಬರೆದರೆ, ಹ್ಯಾಸ್ ಗೊತ್ತಿಲ್ಲದ ಬ್ರೌಸರ್ ಇಡೀ ರೂಲನ್ನೇ ಎಸೆಯುತ್ತದೆ. ಹಳೇ ಸೆಲೆಕ್ಟರ್‌ಗಳ ಸ್ಟೈಲೂ ಹೋಯಿತು. ಬೇರೆ ರೂಲ್ ಆಗಿ ಬರೆಯಿರಿ, ಅಷ್ಟೇ. ಜಾವಾಸ್ಕ್ರಿಪ್ಟ್‌ನಲ್ಲಿ ಇದು ಇನ್ನೂ ಕಠಿಣ: ಹೊಸ ಮೆಥಡ್ ಇಲ್ಲದಿದ್ದರೆ ಪಾಲಿಫಿಲ್, ಅಂದರೆ ಅದೇ ಕೆಲಸ ಮಾಡುವ ಬದಲಿ ಕೋಡ್ ಹಾಕಬಹುದು, ಆದರೆ ಹೊಸ ಸಿಂಟ್ಯಾಕ್ಸ್ ಅರ್ಥವಾಗದಿದ್ದರೆ ಆ ಫೈಲ್‌ನ ಒಂದು ಸಾಲೂ ಓಡುವುದಿಲ್ಲ.

ಇನ್ನು ಲೈಬ್ರರಿ ತಂದವರ ವಿಷಯ. ಡಯಲಾಗ್ ಎಲಿಮೆಂಟ್ 2022ರ ಮಾರ್ಚ್‌ನಿಂದ ಎಲ್ಲ ಮುಖ್ಯ ಬ್ರೌಸರ್‌ಗಳಲ್ಲಿದೆ. ಅದರ ಶೋಮೋಡಲ್ ಮೆಥಡ್ ಕರೆದರೆ ಹಿಂದಿನ ಪುಟ ನಿಷ್ಕ್ರಿಯವಾಗುತ್ತದೆ, ಎಸ್ಕೇಪ್ ಒತ್ತಿದರೆ ಮುಚ್ಚುತ್ತದೆ, ಮುಚ್ಚಿದ ಮೇಲೆ ಫೋಕಸ್ ಮೊದಲಿದ್ದ ಬಟನ್‌ಗೇ ವಾಪಸ್ ಬರುತ್ತದೆ. ಕೈಯಾರೆ ಕಟ್ಟಿದ ಮೋಡಲ್‌ಗಳಲ್ಲಿ ನಾನು ಮೊದಲು ಟ್ಯಾಬ್ ಕೀ ಒತ್ತಿ ನೋಡುತ್ತೇನೆ. ಎಷ್ಟೋ ಸಲ ಫೋಕಸ್ ಪರದೆಯ ಹಿಂದಿನ ಲಿಂಕ್‌ಗಳಲ್ಲಿ ಅಲೆಯುತ್ತಿರುತ್ತದೆ. ಮೌಸ್ ಇರುವವರಿಗೆ ಇದು ಕಾಣುವುದೇ ಇಲ್ಲ, ಸ್ಕ್ರೀನ್ ರೀಡರ್ ಬಳಸುವವರು ಮಾತ್ರ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ. ಈ ಒಂದು ಕಾರಣಕ್ಕೇ ನಾನು ಬ್ರೌಸರ್ ಪರ.

ಸ್ಟ್ಯಾಂಡರ್ಡ್ ಆದದ್ದು ನಾಳೆ ಮಾಯವಾದರೆ ಅನ್ನುವ ಭಯವೂ ಬೇಡ. ಸ್ಟ್ಯಾಂಡರ್ಡ್ ಬರೆಯುವ ಜನ ಹಳೇ ಪುಟಗಳನ್ನು ಕಾಪಾಡಲು ಎಷ್ಟು ಒದ್ದಾಡುತ್ತಾರೆ ಅಂದರೆ, 2018ರಲ್ಲಿ ಅರೇಗಳಿಗೆ ‘ಫ್ಲಾಟನ್’ ಅನ್ನುವ ಮೆಥಡ್ ತರಲು ಹೊರಟಾಗ, ಮೂಟೂಲ್ಸ್ ಅನ್ನುವ ಹಳೇ ಲೈಬ್ರರಿ ಬಳಸಿದ ಸೈಟ್‌ಗಳು ಕೆಡುತ್ತವೆ ಅಂತ ಗೊತ್ತಾಗಿ ಹೆಸರನ್ನೇ ‘ಫ್ಲಾಟ್’ ಅಂತ ಬದಲಿಸಿದರು.

ನಿಮ್ಮ ಟೀಮ್‌ನಲ್ಲಿ ಈ ಚರ್ಚೆ ಪ್ರತಿ ರಿವ್ಯೂನಲ್ಲೂ ಬರುತ್ತಿದ್ದರೆ ಅದನ್ನು ಟೂಲ್‌ಗೆ ಒಪ್ಪಿಸಿ. ಯಾವ ಬ್ರೌಸರ್‌ಗಳಿಗೆ ಕೋಡ್ ಓಡಬೇಕು ಅಂತ ಬರೆದಿಡುವ ಬ್ರೌಸರ್ಸ್‌ಲಿಸ್ಟ್‌ಗೆ ಈಗ ಬೇಸ್‌ಲೈನ್ ಭಾಷೆಯಲ್ಲೇ ಗುರಿ ಹೇಳಬಹುದು. ಕೋಡ್‌ನ ತಪ್ಪು ಹಿಡಿಯುವ ಇಎಸ್‌ಲಿಂಟ್‌ನ ಸಿಎಸ್‌ಎಸ್ ಪ್ಲಗಿನ್‌ನಲ್ಲಿ, ನೀವು ಇಟ್ಟ ಬೇಸ್‌ಲೈನ್ ಗುರಿಯನ್ನು ಇನ್ನೂ ಮುಟ್ಟದ ಪ್ರಾಪರ್ಟಿಯನ್ನು ಹಿಡಿಯುವ ರೂಲ್ ಇದೆ. ಬ್ರೌಸರ್‌ಗೆ ಆ ಫೀಚರ್ ಗೊತ್ತಾ ಅಂತ ಕೇಳುವ ಸಪೋರ್ಟ್ಸ್ ಬ್ಲಾಕ್‌ನ ಒಳಗೆ ಪರೀಕ್ಷಿಸಿ ಬರೆದದ್ದನ್ನು ಅದು ಬಿಡುತ್ತದೆ, ನೇರವಾಗಿ ಬರೆದದ್ದಕ್ಕೆ ಎಚ್ಚರಿಸುತ್ತದೆ. ಗುರಿ ಇಡುವ ಮೊದಲು ನಿಮ್ಮದೇ ಅನಾಲಿಟಿಕ್ಸ್ ತೆರೆದು, ಜನ ಯಾವ ಸಫಾರಿ ಆವೃತ್ತಿಗಳಿಂದ ಬರುತ್ತಿದ್ದಾರೆ ಅಂತ ನೋಡಿಕೊಳ್ಳಿ.