ಅಡಿನಾಯ್ಡ್ ತೆಗೆಸಿದ ಮೇಲೆ ಮಾತು ಮೂಗಿನಿಂದ ಬರುವುದೇಕೆ?

ಪ್ರಶ್ನೆ: ಏಳು ವರ್ಷದ ಮಗನಿಗೆ ಅಡಿನಾಯ್ಡ್ ಶಸ್ತ್ರಚಿಕಿತ್ಸೆಯಾಯಿತು. ಗೊರಕೆ ನಿಂತಿದೆ, ಉಸಿರಾಟ ಸಲೀಸಾಗಿದೆ, ಆದರೆ ಮಾತು ಮೂಗಿನಲ್ಲಿ ಬರುತ್ತಿದೆ. ದಾರಿ ತೆರವಾದ ಮೇಲೆ ಮಾತೇಕೆ ಕೆಡಬೇಕು?

ಉತ್ತರ: ದಾರಿ ತೆರವಾದುದೇ ಇದಕ್ಕೆ ಕಾರಣ. ಅಡಿನಾಯ್ಡ್ ಎಂದರೆ ಮೂಗಿನ ಹಿಂದೆ, ಗಂಟಲಿನ ಮೇಲ್ಭಾಗದಲ್ಲಿರುವ ಮೆದು ಅಂಗಾಂಶದ ಉಬ್ಬು. ನೆಗಡಿಯಾದಾಗ ಮೂಗಿಗೆ ಹೋಗಬೇಕಾದ ಗಾಳಿ ತಡೆಯಲ್ಪಟ್ಟು ‘ಮ’ಕಾರವು ‘ಬ’ದಂತೆ ಕೇಳುತ್ತದೆ, ನಿಮ್ಮ ಮಗನಲ್ಲಿ ಆಗುತ್ತಿರುವುದು ಅದಕ್ಕೆ ತದ್ವಿರುದ್ಧ, ಬಾಯಿಂದ ಹೋಗಬೇಕಾದ ಗಾಳಿ ಮೂಗಿಗೆ ಸೋರುತ್ತಿದೆ.

ಕನ್ನಡದಲ್ಲಿ ಅನುನಾಸಿಕಗಳನ್ನು ಬಿಟ್ಟು ಉಳಿದ ಧ್ವನಿಗಳನ್ನು ನುಡಿಯುವಾಗ, ಅದರಲ್ಲೂ ಬಾಯಲ್ಲಿ ಒತ್ತಡ ಬೇಡುವ ಪ, ಟ, ಕ, ಸ ಮುಂತಾದವುಗಳಿಗೆ, ಮೂಗಿನ ದಾರಿ ಮುಚ್ಚಲು ಮೆದು ಅಂಗುಳವು (ಅಂಗುಳದ ಮೂಳೆಯಿಲ್ಲದ ಹಿಂಭಾಗ) ಮೇಲಕ್ಕೂ ಹಿಂದಕ್ಕೂ ಸರಿದು ಗಂಟಲಿನ ಹಿಂಗೋಡೆಗೆ ತಾಗಬೇಕು, ಅದೇ ಹೊತ್ತಿಗೆ ಗಂಟಲಿನ ಪಕ್ಕದ ಗೋಡೆಗಳು ಒಳಕ್ಕೆ ಬರಬೇಕು. ಬಾಯಿ ತೆರೆದಾಗ ನೇತಾಡುವ ಕಿರುನಾಲಿಗೆಯೇ ಮುಚ್ಚಳವೆಂದು ಹಲವರು ತಿಳಿದಿದ್ದಾರೆ. ವಾಸ್ತವದಲ್ಲಿ ಅಂಗುಳವು ಮಡಿಸಿದ ಮಂಡಿಯಂತೆ ಬಾಗುತ್ತದೆ, ತಾಗುವುದು ಆ ಬಾಗಿನ ಭಾಗ. ಅದು ಬಾಯಿಯಿಂದ ಇಣುಕಿದರೆ ಕಾಣದಷ್ಟು ಮೇಲಿದೆ. ಕೆಲವರಲ್ಲಿ ಅಂಗುಳವೇ ಹೆಚ್ಚಿನ ಕೆಲಸ ಮಾಡಿದರೆ, ಇನ್ನು ಕೆಲವರಲ್ಲಿ ಪಕ್ಕದ ಗೋಡೆಗಳ ಪಾಲು ದೊಡ್ಡದು.

ಹೀಗಾಗಿ ಅಂಗುಳ ಎಷ್ಟು ಉದ್ದವಿದೆ ಎಂಬುದೊಂದೇ ಮುಖ್ಯವಲ್ಲ, ಗಂಟಲು ಎಷ್ಟು ಆಳವಿದೆ, ಸ್ನಾಯುಗಳು ಎಷ್ಟು ಚೆನ್ನಾಗಿ ಎತ್ತುತ್ತವೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಚಿಕ್ಕ ಮಕ್ಕಳಲ್ಲಿ ಅಂಗುಳ ತಾಗುವುದು ಸಾಮಾನ್ಯವಾಗಿ ಹಿಂಗೋಡೆಯ ಮೇಲಿರುವ ಅಡಿನಾಯ್ಡ್‌ಗೇ. ಅದನ್ನು ತೆಗೆದಾಗ ಅಂಗುಳ ಸಾಗಬೇಕಾದ ದೂರ ಒಮ್ಮೆಲೇ ಹೆಚ್ಚುತ್ತದೆ. ಹೆಚ್ಚಿನ ಮಕ್ಕಳು ಕೆಲವು ವಾರಗಳಲ್ಲಿ ಇದಕ್ಕೆ ಹೊಂದಿಕೊಳ್ಳುತ್ತಾರೆ.

ಹೊಂದಿಕೊಳ್ಳದವರಲ್ಲಿ ಮೊದಲು ಹುಡುಕಬೇಕಾದದ್ದು ಅಂಗುಳದ ಲೋಳೆಪೊರೆಯಡಿಯ ಸೀಳು. ಮೇಲ್ಪದರ ಕೂಡಿಕೊಂಡಿದ್ದರೂ ಒಳಗಿನ ಸ್ನಾಯು ನಡುವೆ ಸೇರಿರುವುದಿಲ್ಲವಾದ್ದರಿಂದ ಅದು ಸುಲಭವಾಗಿ ಕಣ್ಣು ತಪ್ಪಿಸುತ್ತದೆ. ಎರಡಾಗಿ ಕವಲೊಡೆದ ಕಿರುನಾಲಿಗೆ, ಅಂಗುಳದ ನಡುವೆ ತೆಳುವಾಗಿ ನೀಲಿಯಾಡುವ ಗೆರೆ, ಗಟ್ಟಿ ಅಂಗುಳದ ಹಿಂದಂಚಿನಲ್ಲಿ ಬೆರಳಿಗೆ ಸಿಗುವ ಕಚ್ಚು ಇದರ ಗುರುತುಗಳು. ಇವನ್ನು ಅಡಿನಾಯ್ಡ್ ತೆಗೆಯುವ ಮೊದಲೇ ನೋಡಿಕೊಳ್ಳುವುದು ವಿವೇಕ.

ಮನೆಯಲ್ಲಿ ಮೂಗಿನ ಹೊಳ್ಳೆಯ ಕೆಳಗೆ ಪುಟ್ಟ ಕನ್ನಡಿ ಹಿಡಿದು ‘ಕಾಗೆ ಕಾಲು ಕಪ್ಪು’ ಎನ್ನಿಸಿ, ಮಾತು ಮುಗಿದೊಡನೆ, ಉಸಿರು ಬಿಡುವ ಮುನ್ನ, ಕನ್ನಡಿ ತೆಗೆಯಿರಿ. ಈ ವಾಕ್ಯದಲ್ಲಿ ಅನುನಾಸಿಕವಿಲ್ಲ. ಆದರೂ ಕನ್ನಡಿ ಮಂಜಾದರೆ ಗಾಳಿ ಸೋರುತ್ತಿರಬಹುದು. ಬಲೂನು, ಪೀಪಿ ಊದಿಸುವ ಸಲಹೆ ಎಲ್ಲೆಡೆ ಸಿಗುತ್ತದೆ, ನಾನದನ್ನು ಒಪ್ಪುವುದಿಲ್ಲ. ಊದುವಾಗಿನ ಮುಚ್ಚುವಿಕೆ ಮಾತಿನಲ್ಲಿ ಆಗುವಂಥದ್ದಲ್ಲ. ಕೆಲವು ತಿಂಗಳಾದರೂ ಸರಿಹೋಗದಿದ್ದರೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆ ವಾಕ್ ತಜ್ಞರನ್ನು ಕಾಣಿರಿ. ಮೂಗಿನ ಮೂಲಕ ತೆಳು ಎಂಡೋಸ್ಕೋಪ್ (ಒಳಭಾಗ ನೋಡುವ ಕೊಳವೆ) ಇಳಿಸಿ, ಮಗು ಮಾತನಾಡುತ್ತಿರುವಾಗಲೇ ಸಂದು ಎಲ್ಲಿ ಉಳಿಯುತ್ತದೆಂದು ನೋಡಿದ ಮೇಲೆಯೇ ಅಭ್ಯಾಸ ಸಾಕೇ, ಶಸ್ತ್ರಚಿಕಿತ್ಸೆ ಬೇಕೇ ಎಂಬುದನ್ನು ನಿರ್ಧರಿಸಬೇಕು.